ಬಸುರಿ ಮೀನಿಗೆ ಒಂದು ಹಿಡಿ ಪುರಿ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ನಮ್ಮತ್ತೆ ಕೈಚೀಲದಿಂದ ಕಡಲೆಪುರಿ ತೆಗೆದರು. ವೇಳೆ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ, ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ನಾನು ಆಗಷ್ಟೇ ಫೋನ್ ನೋಡಿದ್ದೆ.

ನವೆಂಬರ್ ಕೊನೆ. ಸ್ವೀಡನ್ನಿನಲ್ಲಿ ನಾವಿರುವ ಕಾರ್ಲ್‌ಸ್ಕ್ರೂನಾದಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಹೊಳೆಗೆ ಹೋಗಿದ್ದೆವು. ಸಮುದ್ರದಿಂದ ಸಾಲ್ಮನ್ ಮೀನುಗಳು ಅಲ್ಲಿಗೆ ಮೊಟ್ಟೆಯಿಡಲು ಬರುತ್ತವೆ. ಗೈಡ್ ಒಬ್ಬರು ನಿವೃತ್ತ ಶಿಕ್ಷಕಿ; ನಮ್ಮನ್ನೂ ಇನ್ನು ನಾಲ್ಕೈದು ಜನರನ್ನೂ ಕಾಡಿನೊಳಗೆ ಕರೆದೊಯ್ದರು. ನನ್ನ ಹೆಂಡತಿಗೆ ಎಂಟು ತಿಂಗಳು. ನಡೆದಷ್ಟೂ ಒಳ್ಳೆಯದು ಎಂದು ನರ್ಸ್ ಹೇಳಿದ್ದರು. ಅತ್ತೆ ಬಾಣಂತನಕ್ಕೆಂದು ಬೆಂಗಳೂರಿನಿಂದ ಬಂದಿದ್ದರು.

ನಿಯಮ ಒಂದೇ: ಹಲಗೆಯ ದಾರಿ ಬಿಟ್ಟು ಇಳಿಯಬಾರದು.

ತೋಳುದ್ದದ ಹೆಣ್ಣು ಮೀನೊಂದು ಮಗ್ಗುಲಾಗಿ, ಬಾಲದಿಂದ ತಳದ ಕಲ್ಲು ಕೆದಕುತ್ತಿತ್ತು. ಹೊಳೆಗೆ ಬಂದ ಮೇಲೆ ಇವು ಏನೂ ತಿನ್ನುವುದಿಲ್ಲ ಎಂದರು ಗೈಡ್. ಹೆಂಡತಿ ಅದನ್ನು ತನ್ನಮ್ಮನಿಗೆ ಕನ್ನಡದಲ್ಲಿ ಹೇಳಿದಳು.

"ಹೆರೋಕೆ ಬಂದವಳನ್ನ ಉಪವಾಸ ಕೆಡವ್ತಾರಾ?"

"ಯಾರೂ ಕೆಡವಿಲ್ಲಮ್ಮ. ಅದಕ್ಕೇ ಬೇಡವಂತೆ."

"ನೀನೂ ಬೇಡ ಬೇಡ ಅಂತಿದ್ದೆ. ಮುಂದಿಟ್ಟ ಮೇಲೆ ಎರಡು ತಟ್ಟೆ ತಿಂದೆ."

ಶೃಂಗೇರಿಗೆ ಹೋಗಿ ಮೀನಿಗೆ ಪುರಿ ಹಾಕದೆ ಬಂದವರನ್ನು ನಾನು ಕಂಡಿಲ್ಲ. ಮೀನು ನೋಡಲು ಹೊರಟಿದ್ದೇವೆ ಎಂದಾಗಲೇ ಅತ್ತೆ ಪುರಿ ಕಟ್ಟಿಕೊಂಡಿದ್ದರು. ಪುರಿಯ ಪೊಟ್ಟಣ ನನ್ನ ಕೈಗೆ ಕೊಟ್ಟು, ಒಂದು ಹಿಡಿ ತೆಗೆದುಕೊಂಡು, ಹಲಗೆಯಿಂದ ಬಂಡೆಗೆ ಇಳಿದರು. ಬಂಡೆಯ ಮೇಲೆ ಕಾಣದಷ್ಟು ತೆಳುವಾಗಿ ನೀರು ಹೆಪ್ಪುಗಟ್ಟಿತ್ತು. ಅತ್ತೆ ಜಾರಿದರು. ಹೆಂಡತಿ ಬಗ್ಗಿ ಅವರ ಕೈ ಹಿಡಿದು ಎಳೆದಳು. ಅತ್ತೆ ಬಂಡೆಯ ಮೇಲೆ ಕೂತರು, ಹೆಂಡತಿ ಹೊಳೆಗೆ ಬಿದ್ದಳು.

ಎದೆಯವರೆಗೆ ನೀರು. ಒಂದು ಕೈ ಮರದ ಬೇರಿನ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಅವಳು ಕೂಗಲಿಲ್ಲ. ನಾನೂ ಕೂಗಲಿಲ್ಲ, ಕದಲಲೂ ಇಲ್ಲ. ಗೈಡ್ ಬೋರಲು ಮಲಗಿ ಅವಳ ತೋಳು ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ, ಕ್ಲಾಸಿನಲ್ಲಿ ಹೇಳುವಂತೆ ಹೇಳಿದರು:

"ಪೊಟ್ಟಣ ಕೆಳಗಿಡಿ. ಇನ್ನೊಂದು ತೋಳು ನಿಮ್ಮದು."

ಇಟ್ಟೆ. ಎಳೆದೆವು.

ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಕೇಳಿಸಿದರು. ಎಲ್ಲ ಸರಿಯಾಗಿದೆ ಎಂದರು. ಹೆಂಡತಿ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ನಾನು ನಿದ್ದೆಯಿಲ್ಲದೆ ಮಲಗಿಕೊಂಡು, ಅದೇ ಹಲಗೆಯ ಮೇಲೆ ಪುರಿ ಹಿಡಿದು ನಿಂತಿದ್ದೆ. ಮರುರಾತ್ರಿಯೂ ನಿಂತಿದ್ದೆ. ಆಫೀಸಿನಲ್ಲಿ ಫೀಕಾ ಎನ್ನುವ ಕಾಫಿ ಬಿಡುವಿನಲ್ಲಿ ಸಹೋದ್ಯೋಗಿಯೊಬ್ಬ, ಸಾಲ್ಮನ್ ಹೇಗಿದ್ದವು ಎಂದು ಕೇಳಿದ. ಆರೋಗ್ಯವಾಗಿದ್ದವು ಎಂದೆ.

ಒಂದು ಬೆಳಿಗ್ಗೆ ಅತ್ತೆ ಕಾಫಿ ಲೋಟ ಮುಂದಿಟ್ಟು, ನನ್ನ ಮುಖ ನೋಡದೆ, "ಪುರಿ ತಂದವಳು ನಾನು. ನೀವು ಹಿಡ್ಕೊಂಡಿದ್ರಿ, ಅಷ್ಟೇ," ಎಂದರು.

ಡಿಸೆಂಬರ್ ಕೊನೆಗೆ ಮಗಳು ಹುಟ್ಟಿದಳು. ಆಮೇಲೆ ಮನೆಯಲ್ಲಿ ಯಾರೂ ಮಲಗುತ್ತಿರಲಿಲ್ಲವಾದ್ದರಿಂದ, ನಾನು ಎಚ್ಚರವಾಗಿರುವುದಕ್ಕೆ ಯಾರಿಗೂ ಕಾರಣ ಹೇಳಬೇಕಾಗಲಿಲ್ಲ. ಮಗು ಉಸಿರಾಡುತ್ತಿದೆಯೇ ಎಂದು ಗಂಟೆಗೊಮ್ಮೆ ನೋಡುತ್ತಿದ್ದೆ. ಹೊಸ ಅಪ್ಪಂದಿರು ಹೀಗೇ ಎಂದು ಎಲ್ಲರೂ ನಕ್ಕರು.

ಏಪ್ರಿಲ್‌ನ ಒಂದು ಭಾನುವಾರ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಮನೆಯಲ್ಲಿ ಸದ್ದಿಲ್ಲ. ಎದ್ದು ಮಗಳ ಎದೆಯ ಮೇಲೆ ಕೈಯಿಟ್ಟೆ. ಏರಿತು, ಇಳಿಯಿತು.

"ಎಬ್ಬಿಸಬೇಡ ಕಣೋ," ಎಂದಳು ಹೆಂಡತಿ, ಕಣ್ಣು ಬಿಡದೆ. "ಅವಳು ಏಳು ಗಂಟೆ ಹೊತ್ತು ಮಲಗಿದಾಳೆ. ನೀನು ಒಂಬತ್ತು."