ಬಾಯ್ಲರ್ ಕೂಗಿದರೆ ಯಾರನ್ನು ಕರೆಯುವುದು?

ಈ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು, ಒಂದು ದಿನ ಬೆಳಿಗ್ಗೆ ನಮ್ಮ ಮಿಲ್ಲಿನ ಬಾಯ್ಲರ್ ಕೂಗಿತು. ಕೂಗಿದ ಕೂಡಲೇ ಎಲ್ಲರೂ ಕೈತೊಳೆದುಕೊಂಡು ಊಟಕ್ಕೆ ಹೋದರು.

ತಮಾಷೆಗೆ ಹೇಳುತ್ತಿಲ್ಲ. ನಮ್ಮ ಮಿಲ್ಲಿನಲ್ಲಿ ಎರಡು ಕೂಗುಗಳಿವೆ. ಒಂದು, ಮಧ್ಯಾಹ್ನ ಊಟಕ್ಕೆ ಬಿಡುವಾಗಿನ ಕೂಗು. ಇನ್ನೊಂದು, ಬಾಯ್ಲರಿನೊಳಗೆ ನೀರು ಕಡಿಮೆಯಾದರೆ ತಾನಾಗಿಯೇ ಊದುವ ಸೀಟಿ. ಮೊದಲನೆಯದು ಹೊಟ್ಟೆಯ ವಿಷಯ, ಎರಡನೆಯದು ಜೀವದ ವಿಷಯ. ಬಾಯ್ಲರ್ ಹೊಸದು. ಎರಡನೆಯ ಕೂಗನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಗಡಿಯಾರ ನೋಡಬಹುದಿತ್ತಲ್ಲ ಎನ್ನುತ್ತೀರಾ? ಊಟಕ್ಕೆ ಕರೆದಾಗ ಗಡಿಯಾರ ನೋಡುವವರು ಯಾರು?

(ಹೊಸ ಓದುಗರಿಗೆ ಒಂದು ಮಾತು. ನಾನು ಪುತ್ತೂರಿನ ಅಂಚಿನಲ್ಲಿರುವ ಒಂದು ಕುಚ್ಚಲಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ನಮ್ಮ ಕಡೆ ಅಂಥವರನ್ನು ರೈಟ್ರು ಎನ್ನುತ್ತಾರೆ. ನಾನು ಪತ್ರಿಕೆಗೆ ಬರೆಯುತ್ತೇನೆಂದು ಆ ಹೆಸರು ಬಂದದ್ದಲ್ಲ. ಬರೆಯುವುದು ಮಿಲ್ಲಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿರುವವರು ಓದುವುದಿಲ್ಲ.)

ಅವತ್ತು ಏನೂ ಆಗಲಿಲ್ಲ. ನಮ್ಮ ಫಿಟ್ಟರ್ ದೂಮಣ್ಣ ಮಿಲ್ಲಿನಲ್ಲೇ ಇದ್ದ. ಯಾವುದೋ ಯಂತ್ರದ ಅಡಿಯಲ್ಲಿ ಮಲಗಿ ಬೋಲ್ಟು ಬಿಗಿ ಮಾಡುತ್ತಿದ್ದವನು ಎದ್ದು ಬಂದು ಒಲೆಯ ಬೆಂಕಿಯನ್ನೆಲ್ಲ ಹೊರಗೆ ಎಳೆಸಿದ. ಊಟಕ್ಕೆ ಹೋದವರು ಬುತ್ತಿ ಬಿಚ್ಚುವಷ್ಟರಲ್ಲಿ ಅದು ಊಟದ ಹೊತ್ತಲ್ಲ ಎಂದು ತಿಳಿದು ನಗುತ್ತಾ ವಾಪಸು ಬಂದರು. ನಮಗೂ ಅದು ನಗುವ ವಿಷಯವೇ ಆಗಿತ್ತು.

ನಗು ನಿಂತದ್ದು ಬಾಯ್ಲರ್ ಇನ್‌ಸ್ಪೆಕ್ಟರು ಬಂದ ದಿನ. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಆವತ್ತು ದೂಮಣ್ಣ ಇಲ್ಲಿ ಇಲ್ಲದಿದ್ದರೆ ಯಾರನ್ನು ಕರೀತಿದ್ರಿ?"

ಆಮೇಲೆ ಅವರೇ ಹೇಳಿದರು.

"ಒಂದು ಬೋರ್ಡು ಬರೆದು ಬಾಯ್ಲರಿನ ಹತ್ತಿರ ಹಾಕಿ. ಮೊದಲು ಯಾರನ್ನು ಕರೆಯಬೇಕು, ಅವರು ಸಿಗದಿದ್ದರೆ ಯಾರನ್ನು, ಸುದ್ದಿ ಮುಟ್ಟಿಸುವುದು ಹೇಗೆ, ಎಲ್ಲ ಅದರಲ್ಲಿರಬೇಕು. ಗೊತ್ತಿರುವವರು ಬರುವವರೆಗೆ ಯಾರೂ ನೀರು ಬಿಡಕೂಡದು ಅಂತಲೂ ಬರೆಯಿರಿ. ಕಾದ ಬಾಯ್ಲರಿಗೆ ತಣ್ಣೀರು ಬಿಟ್ಟರೆ ಅದು ಸಿಡಿದು, ನಿಮ್ಮ ಮಿಲ್ಲಿನ ಮಾಡಿನ ಹಂಚು ಹುಡುಕಲಿಕ್ಕೆ ಸುಳ್ಯಕ್ಕೆ ಹೋಗಬೇಕಾದೀತು."

ಬರೆಯುವ ಕೆಲಸವೆಂದ ಮೇಲೆ ರೈಟ್ರ ತಲೆಗೆ ಬಂತು. ನಾಲ್ಕು ಹೆಸರು ಬರೆಯುವುದು ಏನು ಮಹಾ ಎಂದುಕೊಂಡೆ.

ಮೊದಲ ತಕರಾರು ನಮ್ಮ ಧಣಿಗಳದ್ದೇ. ಅವರ ಮನೆ ಪಂಜದಲ್ಲಿ. ವಾರಕ್ಕೆ ಒಂದೆರಡು ಸಲ ಬಸ್ಸಿನಲ್ಲಿ ಬಂದು ಹೋಗುತ್ತಾರೆ.

"ಮೊದಲು ನನ್ನ ಹೆಸರು ಹಾಕಿ ರೈಟ್ರೇ. ಮಿಲ್ಲು ನನ್ನದಲ್ಲವಾ?"

"ನಿಮ್ಮ ಮನೆಯಲ್ಲಿ ಫೋನಿಲ್ಲ ಧಣಿ. ಅಂಚೆ ಆಫೀಸಿಗೆ ಹೋಗಿ ತಂತಿ ಕೊಡ್ಬೇಕಾಗ್ತದೆ."

"ಕೊಡಿ."

"ತಂತಿ ನಿಮಗೆ ಮುಟ್ಟುವಾಗ ಮರುದಿನ ಆಗ್ತದೆ. ಅಷ್ಟರೊಳಗೆ ಇಲ್ಲಿ..."

"ಹಾಗಾದ್ರೆ ಕೊನೆಗೆ ಹಾಕಿ. ಆದ್ರೆ ಅಕ್ಷರ ದೊಡ್ಡದಿರಲಿ."

ಇನ್ನೊಂದು ಹೆಸರು ಕಡಬದ ಒಂದು ಮರದ ಮಿಲ್ಲಿನ ಫಿಟ್ಟರದ್ದು. ಬಾಯ್ಲರ್ ಬಲ್ಲವರು. ಅವರು ಬರಬೇಕಾದರೆ ಟ್ರಂಕ್ ಕಾಲ್ ಸಿಗಬೇಕು, ಬಸ್ಸು ಸಿಗಬೇಕು, ಹೊಳೆ ಸೇತುವೆಯ ಮೇಲೆ ಹರಿಯಬಾರದು. ಅಂದರೆ ನಿಜಕ್ಕೂ ಉಪಯೋಗಕ್ಕೆ ಬರುವ ಹೆಸರು ಒಂದೇ. ದೂಮಣ್ಣ.

ದೂಮಣ್ಣ ಮಿಲ್ಲಿನಲ್ಲಿದ್ದಾಗ ತೊಂದರೆಯಿಲ್ಲ. ರಜೆಯ ದಿನ? ಅವನ ಮನೆ ಪೇಟೆಯ ಆಚೆ ಬದಿ. ಫೋನು ಎಲ್ಲಿಂದ ಬರಬೇಕು? ಆದರೆ ಪಕ್ಕದ ಮನೆಯಲ್ಲಿ ಫೋನುಂಟು. ಅದು ಪದ್ಮಯ್ಯನವರ ಲಾರಿ ಬುಕಿಂಗ್ ಆಫೀಸು, ಹಿಂದೆಯೇ ಅವರ ಮನೆ. ಎರಡು ಮನೆಗಳ ನಡುವೆ ಎದೆಮಟ್ಟದ ಒಂದು ಗೋಡೆ, ಅಷ್ಟೆ. ಮಿಲ್ಲಿನಿಂದ ಫೋನ್ ಮಾಡಿದರೆ ಪದ್ಮಯ್ಯ ಗೋಡೆಯ ಮೇಲಿಂದ ಒಂದು ಕೂಗು ಹಾಕಿದರಾಯಿತು. ಆಯಿತಲ್ಲ ಕೆಲಸ?

ಆಗಲಿಲ್ಲ. ಅವರಿಬ್ಬರೂ ಮಾತು ಬಿಟ್ಟು ಕೆಲವು ವರ್ಷಗಳಾಗಿವೆ.

ಕಾರಣ ಕೇಳಿದರೆ ನೀವು ನಗುತ್ತೀರಿ. ಪದ್ಮಯ್ಯನವರು ರೇಡಿಯೋ ತಂದಿದ್ದರು. ಅದರ ಏರಿಯಲ್ ತಂತಿಯ ಒಂದು ತುದಿಯನ್ನು ತಮ್ಮ ಮಾಡಿಗೆ, ಇನ್ನೊಂದು ತುದಿಯನ್ನು ದೂಮಣ್ಣನ ಮಾವಿನ ಮರಕ್ಕೆ ಕಟ್ಟಿದರು. ಕೇಳಿ ಕಟ್ಟಲಿಲ್ಲ. ದೂಮಣ್ಣನೂ ಏನೂ ಹೇಳಲಿಲ್ಲ. ಒಂದು ದಿನ ತನ್ನ ಮನೆಯ ಹಂಚಿನ ಮೇಲೆ ಬಾಗಿದ್ದ ಆ ಮರದ ಗೆಲ್ಲನ್ನು ದೂಮಣ್ಣ ಕಡಿದ. ತಂತಿ ಇದ್ದದ್ದು ಅದೇ ಗೆಲ್ಲಿನಲ್ಲಿ. ಪದ್ಮಯ್ಯನವರ ಮನೆಯಲ್ಲಿ ಹತ್ತಾರು ಜನ ವಾರ್ತೆ ಕೇಳಲು ಕೂತಿದ್ದ ಹೊತ್ತು ಅದು. ರೇಡಿಯೋ ಒಮ್ಮೆ ಗೊರ್ ಎಂದು ಸುಮ್ಮನಾಯಿತು.

"ಬೇಕೂಂತಲೇ ಕಡಿದದ್ದು" ಎಂದರು ಪದ್ಮಯ್ಯ. "ಕೇಳದೆ ಕಟ್ಟಿದ್ದು ಯಾರು?" ಎಂದ ದೂಮಣ್ಣ. ಅದೇ ಕೊನೆಯ ಮಾತು. ಆಮೇಲೆ ಒಬ್ಬರ ಮನೆಯ ಸಾಮಾನು ಅಪ್ಪಿತಪ್ಪಿ ಇನ್ನೊಬ್ಬರ ಮನೆಗೆ ಬಂದರೆ ಗೋಡೆಯ ಮೇಲೆ ಇಟ್ಟು ಹೋಗುವುದು. (ಹೆಂಗಸರು ಈ ಕಾನೂನಿಗೆ ಸೇರಿಲ್ಲ. ಕರಿಬೇವಿನ ಸೊಪ್ಪು, ಹಾಲಿನ ಹೆಪ್ಪು ದಿನವೂ ಗೋಡೆ ದಾಟುತ್ತವೆ. ಆದರೆ ಅವರು ಆಫೀಸಿನ ಫೋನು ಮುಟ್ಟುವುದಿಲ್ಲ.)

ನಾನು ಪದ್ಮಯ್ಯನವರ ಆಫೀಸಿಗೆ ಹೋದೆ. ದೊಡ್ಡ ಶರೀರ, ದೊಡ್ಡ ಸ್ವರ. ಐವರ್ನಾಡಿನ ಕಡೆಯವರು. ಬಂದವರಿಗೆ ಚಾ ತರಿಸದೆ ಮಾತು ಶುರು ಮಾಡುವವರಲ್ಲ. ಚಾ ಮುಗಿಸಿ ವಿಷಯ ಹೇಳಿದೆ.

"ಫೋನ್ ಮಾಡಿ, ಬೇಡ ಹೇಳುದಿಲ್ಲ. ಆದ್ರೆ ನಾನು ಅವನಿಗೆ ಹೇಳುದು ಹೇಗೆ?"

"ಗೋಡೆ ಹತ್ರ ನಿಂತು ಕರೆದ್ರೆ ಸಾಕು."

"ಕರೆಯುದಾದ್ರೆ ಹೆಸರು ಹಿಡಿದು ಕರೀಬೇಕಲ್ಲ ಮಾರಾಯ್ರೆ."

ಹೊರನೋಟಕ್ಕೆ ಮೂರಕ್ಷರದ ಹೆಸರು. ಭತ್ತದ ಮೂಟೆ ಎತ್ತಿ ಲಾರಿಗೆ ಹಾಕಬಲ್ಲ ಮನುಷ್ಯನಿಗೆ ಅದನ್ನು ಎತ್ತಲಾಗುತ್ತಿಲ್ಲ.

ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಆಫೀಸಿನ ಜಗಲಿಯಲ್ಲಿ ಒಂದು ರೈಲುಕಂಬಿಯ ತುಂಡು ತೂಗುತ್ತದೆ. ಲಾರಿ ಹೊರಡುವ ಹೊತ್ತಿಗೆ ಅದನ್ನು ಬಡಿದರೆ ಹೋಟೆಲಿನಲ್ಲಿ ಕೂತ ಡ್ರೈವರುಗಳು ಎದ್ದು ಬರುತ್ತಾರೆ. "ಅದನ್ನು ಬಡೀತೇನೆ. ಅವನೇ ತಿಳ್ಕೊಳ್ಳಲಿ."

ಅಲ್ಲಿಂದ ಗೋಡೆಯ ಈಚೆಗೆ ಬಂದು ದೂಮಣ್ಣನಿಗೆ ಹೇಳಿದೆ.

"ಅದನ್ನು ದಿನಾ ಬಡೀತಾರೆ ರೈಟ್ರೇ. ಲಾರಿ ಹೊರಡುದಾ, ಬಾಯ್ಲರ್ ಕೂಗುದಾ, ನನಗೆ ಹೇಗೆ ಗೊತ್ತಾಗುದು?"

"ಬಾಯ್ಲರಿಗೆ ಆದ್ರೆ ಬಿಡದೆ ಬಡೀತಾರಂತೆ."

"ಅವರು ಹಾಗೆ ಹೇಳಿದ್ದಾ?"

"ಹೌದು." (ಹೇಳಿರಲಿಲ್ಲ. ವಾಪಸು ಹೋಗಿ ಹೇಳಿಸಿದೆ.)

"ಸರಿ, ನೋಡುವ."

ಬೋರ್ಡು ಬರೆದಾಯಿತು. ಪದ್ಮಯ್ಯನವರು ತಮ್ಮ ಹೆಸರು ಬೇಡವೆಂದ ಕಾರಣ 'ಲಾರಿ ಆಫೀಸಿಗೆ ಫೋನ್ ಮಾಡುವುದು' ಎಂದಷ್ಟೇ ಬರೆದೆ. ಒಂದು ದಿನ ಪರೀಕ್ಷೆಯೂ ಮಾಡಿದೆವು. ನಾನು ಫೋನ್ ಮಾಡಿದೆ, ಪದ್ಮಯ್ಯ ಕಂಬಿ ಬಡಿದರು, ದೂಮಣ್ಣ ಅಂಗಳಕ್ಕೆ ಬಂದು ಕಂಬಿಯ ಕಡೆ ನೋಡಿ ಒಳಗೆ ಹೋದ. ಮರುದಿನ "ಕೇಳಿತು" ಎಂದ. ಕಾಗದದ ಮೇಲೆ ಎಲ್ಲವೂ ಸರಿ. ನನಗೆ ಮಾತ್ರ ಸಮಾಧಾನವಿರಲಿಲ್ಲ. ಮೊದಲೇ ತಿಳಿಸಿ ಮಾಡಿದ ಪರೀಕ್ಷೆಯಲ್ಲಿ ಫೇಲಾಗುವವರು ಯಾರು?

ದೀಪಾವಳಿ ಕಳೆದು ಹೊಸ ಭತ್ತ ಬರಲು ಶುರುವಾಯಿತು. ಮಿಲ್ಲಿಗೆ ಉಸಿರಾಡಲು ಪುರುಸೊತ್ತಿಲ್ಲದ ಕಾಲ. ಅಂಗಳದ ತುಂಬ ಬೇಯಿಸಿದ ಭತ್ತ, ಅದನ್ನು ಕಾಲಿನಲ್ಲಿ ಹರಡುತ್ತಾ ನಡೆಯುವ ಹೆಂಗಸರು. ಅವತ್ತು ದೂಮಣ್ಣನಿಗೆ ರಜೆ. ಧಣಿಗಳು ಪಂಜದಿಂದ ಬಂದು ನನ್ನ ಎದುರು ಕೂತಿದ್ದರು.

ಬಾಯ್ಲರ್ ಕೂಗಿತು. ಊಟದ ಕೂಗಲ್ಲ. ತೆಳ್ಳಗೆ, ನಿಲ್ಲದೆ.

ಈ ಸಲ ಯಾರೂ ಕೈತೊಳೆಯಲು ಹೋಗಲಿಲ್ಲ. ಬೆಂಕಿ ನೋಡಿಕೊಳ್ಳುವ ಇದಿನಬ್ಬ ಉದ್ದದ ಸಲಾಕೆ ಹಿಡಿದು ಒಲೆಯಿಂದ ಕೆಂಡ ಎಳೆಯತೊಡಗಿದ. ನಾನು ಹೊರಗೋಡಿ ಹೆಂಗಸರನ್ನೆಲ್ಲ ಗೇಟಿನಾಚೆ ಕಳಿಸಿದೆ. ಬಂದು ನೋಡುತ್ತೇನೆ, ಧಣಿಗಳು ಬಾಯ್ಲರಿನ ಎದುರು ನಿಂತಿದ್ದಾರೆ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರೇ ಕಾಣುತ್ತಿಲ್ಲ.

"ನೀರು ಬಿಟ್ಟರೆ ತಣಿಯುದಿಲ್ಲವಾ?" ಎನ್ನುತ್ತಾ ಅವರು ನೀರಿನ ವಾಲ್ವಿನತ್ತ ಕೈ ಮುಂದೆ ಮಾಡಿದರು. ಎದುರಿಗೇ ಬೋರ್ಡು. ಓದಿದರು. ಕೈ ಹಿಂದೆ ತೆಗೆದುಕೊಂಡರು. "ಫೋನ್ ಮಾಡಿ" ಎಂದರು.

ನಾನು ಆಫೀಸಿಗೆ ಓಡಿ ಫೋನೆತ್ತಿದೆ. ಎಕ್ಸ್‌ಚೇಂಜಿನವರಿಗೆ ನಂಬರ್ ಹೇಳಿದೆ. ಆ ಕಡೆ ಪದ್ಮಯ್ಯನವರ ಸ್ವರ.

"ಬಾಯ್ಲರ್ ಕೂಗ್ತಾ ಉಂಟು" ಎಂದೆ.

"ಹ್ಞೂಂ" ಎಂದವರು ಎದ್ದರು. ರಿಸೀವರನ್ನು ಅದರ ಜಾಗದಲ್ಲಿ ಇಡಲಿಲ್ಲ, ಮೇಜಿನ ಮೇಲೆ ಬಿಟ್ಟು ಹೋದರು. ಹಾಗಾಗಿ ಅಲ್ಲಿ ನಡೆದದ್ದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

ಮೊದಲು ಕಂಬಿ ಬಡಿಯುವ ಸದ್ದು. ಠಣ್ ಠಣ್ ಠಣ್ ಎಂದು ಬಿಡದೆ. ಹೇಳಿದ ಮಾತಿಗೆ ತಪ್ಪಲಿಲ್ಲ ಮನುಷ್ಯ. ಆಮೇಲೆ ಸದ್ದು ನಿಂತಿತು. ದೂಮಣ್ಣ ಹೊರಗೆ ಬಂದನೋ? ಪುನಃ ಠಣ್ ಠಣ್. ಪುನಃ ನಿಂತಿತು. ನನ್ನ ಈ ಕಿವಿಯಲ್ಲಿ ಬಾಯ್ಲರಿನ ಸೀಟಿ, ಆ ಕಿವಿಯಲ್ಲಿ ಪದ್ಮಯ್ಯನವರ ಮೌನ. ಯಾವುದಕ್ಕೆ ಹೆಚ್ಚು ಹೆದರಿದೆನೋ ಹೇಳಲಾರೆ.

ಚಪ್ಪಲಿ ಎಳೆಯುವ ಸದ್ದು ಕೇಳಿಸಿತು. ಆಮೇಲೆ ದೂರದಿಂದ, ಗೋಡೆಯ ಹತ್ತಿರದಿಂದ ಇರಬೇಕು, ಆ ದೊಡ್ಡ ಸ್ವರ.

"ದೂಮಣ್ಣ... ಓ ದೂಮಣ್ಣ."

ನಾನು ರಿಸೀವರ್ ಇಟ್ಟು ಬಾಯ್ಲರಿನ ಕಡೆ ಓಡಿದೆ.

ಇದಿನಬ್ಬ ಕೆಂಡ ಎಳೆದು ಮುಗಿಸಿದ್ದ. ಸೀಟಿಯ ಸ್ವರ ಸಣ್ಣಗಾಗುತ್ತಿತ್ತು. ಗೇಟಿನ ಹತ್ತಿರ ಗದ್ದಲ ಕೇಳಿ ಹೊರಗೆ ಬಂದರೆ ಒಂದು ಸೈಕಲ್ ಒಳಗೆ ಬರುತ್ತಿದೆ. ತುಳಿಯುತ್ತಿರುವವರು ಪದ್ಮಯ್ಯ, ಅಂಗಿಯೆಲ್ಲ ಬೆವರು. ಹಿಂದೆ ಕ್ಯಾರಿಯರಿನಲ್ಲಿ ದೂಮಣ್ಣ. ತಲೆಯಿಂದ ಕಾಲಿನವರೆಗೆ ಎಣ್ಣೆ, ಸೊಂಟಕ್ಕೆ ಮೈ ಒರೆಸುವ ಒಂದು ಬೈರಾಸು, ಮಡಿಲಲ್ಲಿ ಸ್ಪಾನರಿನ ಚೀಲ. ಎಣ್ಣೆ ಸ್ನಾನಕ್ಕೆ ಕೂತಿದ್ದವನು ಇದ್ದ ಹಾಗೇ ಎದ್ದು ಬಂದಿದ್ದ. ಗೇಟಿನ ಬಳಿಯ ಹೆಂಗಸರು ಆ ಭಯದಲ್ಲೂ ಮುಖ ತಿರುಗಿಸಿ ನಕ್ಕರು.

ದೂಮಣ್ಣ ಯಾರ ಮುಖವನ್ನೂ ನೋಡದೆ ಒಳಗೆ ಹೋದ. ಬಾಯ್ಲರ್ ತಾನಾಗಿ ತಣಿಯುವವರೆಗೆ ಕಾದ. ನೀರು ಎಳೆಯುವ ಪಂಪಿನ ಪೈಪಿನಲ್ಲಿ ಗೋಣಿಯ ತುಂಡೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆದ. ಬಾಯ್ಲರಿಗೆ ಪೆಟ್ಟಾಗಿರಲಿಲ್ಲ. "ನಾಳೆ ನೋಡಿಕೊಂಡು ಬೆಂಕಿ ಹಾಕುವ" ಎಂದ. ಧಣಿಗಳು ಅವನ ಎಣ್ಣೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಅಷ್ಟು ಹೊತ್ತೂ ಪದ್ಮಯ್ಯ ಹೋಗಿರಲಿಲ್ಲ. ಗೇಟಿನ ಹೊರಗೆ, ಸೈಕಲಿನ ಪಕ್ಕ, ಕಲ್ಲಿನ ಮೇಲೆ ಕೂತಿದ್ದರು. ಚಾ ಕೊಟ್ಟರೂ ಕುಡಿದಿರಲಿಲ್ಲ.

ದೂಮಣ್ಣ ಹೊರಗೆ ಬರುವ ಮೊದಲು ನಾನು ಕೇಳಿದೆ, "ಕಂಬಿ ಬಡಿದದ್ದು ಕೇಳಲಿಲ್ಲವಾ ದೂಮಣ್ಣ?"

"ಕೇಳಿತು ರೈಟ್ರೇ. ಲಾರಿ ಆಗಿರ್ಬೇಕು, ಡ್ರೈವರುಗಳು ಬರ್ಲಿಲ್ಲ ಅಂತ ಬಡೀತಿದ್ದಾರೆ ಅಂದ್ಕೊಂಡೆ. ಆಮೇಲೆ ಅವರು ನನ್ನ ಹೆಸರು ಕರೆದ್ರು. ಅವರ ಬಾಯಲ್ಲಿ ನನ್ನ ಹೆಸರು ಬರ್ಬೇಕಾದ್ರೆ ಎಂತದೋ ದೊಡ್ಡದೇ ಆಗಿರ್ಬೇಕಲ್ಲ. ಬೈರಾಸು ಸುತ್ತಿ ಓಡಿದೆ."

ಗೇಟಿನ ಹತ್ತಿರ ಇಬ್ಬರೂ ಎದುರುಬದುರಾದರು. ಅಷ್ಟು ವರ್ಷದ ಮೇಲೆ ಇಬ್ಬರೂ ನಿಂತು ಆಡಿದ ಮಾತು ಇಷ್ಟೇ. ತುಳುವಿನಲ್ಲಿ ಆಡಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಮುಗೀತಾ?"

"ಮುಗೀತು."

"ಹಾಗಾದ್ರೆ ಹತ್ತಿ. ನಿಮಗಿನ್ನು ಎಣ್ಣೆ ತೊಳೆದು ಮೀಯ್ಲಿಕ್ಕೆ ಉಂಟಲ್ಲ."

ದೂಮಣ್ಣ ಹತ್ತಿದ. ಸೈಕಲ್ ಏರುದಾರಿಯಲ್ಲಿ ಎರಡು ಸಲ ವಾಲಿ, ಆಮೇಲೆ ನೆಟ್ಟಗಾಗಿ ತಿರುವಿನಲ್ಲಿ ಮರೆಯಾಯಿತು.

ಈಗ ಕಡಬದ ಆ ಮರದ ಮಿಲ್ಲಿನವರು ನಮ್ಮ ಬೋರ್ಡಿನ ನಕಲು ಕೇಳಿದ್ದಾರೆ. ಸುಳ್ಯದಿಂದಲೂ ಒಬ್ಬರು ಬಂದು ನೋಡಿ ಹೋದರು. ಕೊಡಲು ನನಗೇನು, ಕೊಟ್ಟೆ. ಜೊತೆಗೆ ಒಂದು ಮಾತೂ ಹೇಳಿದೆ. ಹೆಸರುಗಳನ್ನು ಆಫೀಸಿನಲ್ಲಿ ಕೂತು ಬರೆಯಬೇಡಿ. ಒಂದೊಂದು ಹೆಸರಿನ ಮನೆಗೂ ಹೋಗಿ ಬನ್ನಿ. ಪಕ್ಕದ ಮನೆಯಲ್ಲಿ ಯಾರಿದ್ದಾರೆ, ಇವರಿಗೂ ಅವರಿಗೂ ಹೇಗುಂಟು ಎಂದು ಕೇಳಿ. ಕೇಳಿದರೆ ಬೈಯಬಹುದು. ಬೈಸಿಕೊಂಡು ಬನ್ನಿ.

ನಮ್ಮ ಕಡೆಯ ಊರುಗಳಿಗೆ ಒಂದೊಂದಾಗಿ ಫೋನು ಬರುತ್ತಿದೆ. ಬರಲಿ, ಒಳ್ಳೆಯದೇ. ಇನ್ನು ಪಂಜಕ್ಕೂ ಬರಬಹುದು, ಕಲ್ಲುಗುಂಡಿಗೂ ಬರಬಹುದು. ಆದರೆ ಅವತ್ತು ಸರಕಾರದ ಫೋನಿನ ತಂತಿ ಸುದ್ದಿಯನ್ನು ತಂದು ಹಾಕಿದ್ದು ಪದ್ಮಯ್ಯನವರ ಮೇಜಿನವರೆಗೆ ಮಾತ್ರ. ಮೇಜಿನಿಂದ ಗೋಡೆಗೆ ನಾಲ್ಕು ಹೆಜ್ಜೆ. ಅಷ್ಟು ದೂರಕ್ಕೆ ಯಾವ ಇಲಾಖೆಯೂ ಕಂಬ ಹಾಕಿ ಕೊಡುವುದಿಲ್ಲ. ನಡೆದು ಹೋಗಬೇಕು. ಪದ್ಮಯ್ಯ ನಡೆದರು. ನಾನಾಗಿದ್ದರೆ ನಡೆಯುತ್ತಿದ್ದೆನೇ? ಗೊತ್ತಿಲ್ಲ. ನಡೆಯುತ್ತಿದ್ದೆ ಎಂದು ನಂಬಲು ಅವತ್ತಿನಿಂದ ಸ್ವಲ್ಪ ಧೈರ್ಯ ಬಂದಿದೆ.

ನಿಮಗೂ ಅಂಥ ಒಂದು ಗೋಡೆ ಇರಬಹುದು. ಅದರಾಚೆಗಿನ ಹೆಸರನ್ನು ಕರೆಯಲು ಬಾಯ್ಲರ್ ಕೂಗುವವರೆಗೆ ಯಾಕೆ ಕಾಯುತ್ತೀರಿ?