ಗುದ್ದಿದವನಿಗೆ ರಿಯಾಯಿತಿ

"ಅವ್ವಾ, ಕಾರು ಗುದ್ದಿಸಿದಾಂವ ಮುತ್ತಣ್ಣ ಕಾಕಾ ಅಲ್ಲೇನು? ಮತ್ತ ಶಹನಾಜಕ್ಕ ಯಾಕ ದಂಡಾ ಕಟ್ಟಾಕತ್ಯಾಳ?"

ಮಗಳು ಶಾಂಭವಿ ಇದನ್ನು ಕೇಳಿದ್ದು ಊಟಕ್ಕೆ ಕೂತಾಗ, ಎಲ್ಲರ ಎದುರಿಗೇ. ನನ್ನ ಮೈದುನ ಮುತ್ತಣ್ಣ ರೊಟ್ಟಿ ಮುರಿಯುತ್ತಲೇ ಇದ್ದ. ಅತ್ತೆ ರೇಣುಕವ್ವ, "ಉಣ್ಣು ಸುಮ್ನ" ಎಂದು ಅವಳ ತಾಟಿಗೆ ಇನ್ನಷ್ಟು ಪಲ್ಯ ಹಾಕಿದರು. ಐದು ವರ್ಷದ ಕೂಸಿಗೆ ಹೊಳೆದದ್ದು ಈ ಮನೆಯ ದೊಡ್ಡವರಿಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಆ ಉರಿ ಇನ್ನೂ ಇಳಿದಿಲ್ಲ. ಇಲ್ಲಿ ಬರೆದಾದರೂ ಇಳಿಸಬೇಕು.

ಶಹನಾಜ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ರಾಜಮಾ ಅವರ ಮಗಳು. ರಾಜಮಾ ಗಜೇಂದ್ರಗಡದ ನೇಕಾರರಿಂದ ಸೀರೆ ತಂದು, ಗಂಟು ಹೊತ್ತು ಬಸ್ಸು ಹತ್ತಿ, ನರಗುಂದ, ಚಿಕ್ಕನರಗುಂದದ ಓಣಿ ಓಣಿ ತಿರುಗಿ ಮಾರುತ್ತಿದ್ದವರು. ಅವರ ಮೊಣಕಾಲು ಹೋದ ಮೇಲೆ ಗಂಟು ಮಗಳ ಪಾಲಿಗೆ ಬಂತು. "ನನ್ನ ತಲಿ ಜಡಿ ಹಾಕ್ಕೊಳ್ಳಾಕ ಐತಿ, ಗಂಟು ಹೊರಾಕಲ್ಲ" ಎಂದು ನಕ್ಕು, ಹುಡುಗಿ ಡ್ರೈವಿಂಗ್ ಕಲಿತಳು. ಕೂಡಿಟ್ಟದ್ದರಲ್ಲಿ ಒಂದು ಹಳೆಯ ಸಣ್ಣ ಕಾರು ಕೊಂಡಳು. ರೋಣದ ನಮ್ಮ ಓಣಿಯಲ್ಲಿ ಕಾರು ನಡೆಸಿದ ಮೊದಲ ಹೆಣ್ಣುಮಗಳು ಅವಳೇ. ನಡೆಸುವ ಚಂದವನ್ನಾದರೂ ನೋಡಬೇಕು. ಎಮ್ಮೆ ಅಡ್ಡ ಬಂದರೆ ಹಾರ್ನ್ ಸಹ ಹೊಡೆಯುವುದಿಲ್ಲ. ಗಾಜು ಇಳಿಸಿ, "ಹೋಗವ್ವಾ, ನಿಂದ ಅರ್ಜೆಂಟ್ ಐತಿ" ಎನ್ನುತ್ತಾಳೆ.

ಅದೇ ತಿಂಗಳು ನಮ್ಮ ಮುತ್ತಣ್ಣನೂ ಅಂಥದೇ ಕಾರು ತಂದ. ಅದೇ ಕಂಪನಿ, ಅದೇ ಎಂಜಿನ್. ಇಬ್ಬರಿಗೂ ಒಂದೇ ವಯಸ್ಸು, ಒಂದೇ ಶಾಲೆಯಲ್ಲಿ ಕಲಿತವರು. ಅಷ್ಟಕ್ಕೇ ಹೋಲಿಕೆ ಮುಗಿಯಿತು.

ನಮ್ಮ ಓಣಿಯಲ್ಲಿ ಒಬ್ಬರ ಬಾಗಿಲಿಗೆ ಕಾರು ಬಂದರೆ ಅದು ಓಣಿಯದು. ಬಾಣಂತಿಯನ್ನು ದವಾಖಾನೆಯಿಂದ ಕರೆತರಬೇಕು, ಕನ್ಯೆ ನೋಡಲು ಹೋಗಬೇಕು ಎಂದು ಕೇಳಿದರೆ ಇಲ್ಲ ಎನ್ನುವಂತಿಲ್ಲ. ಕೇಳುವವರಿಗೆ ಸಂಕೋಚವಿಲ್ಲ, ಇಲ್ಲ ಎಂದವರಿಗೆ ಮಾತ್ರ ವರ್ಷವಿಡೀ ಮಾತು. ಹೋದ ವರ್ಷ ಒಂದು ಅಮಾವಾಸ್ಯೆಗೆ ಅತ್ತೆ ಇಟಗಿ ಭೀಮವ್ವನ ಗುಡಿಗೆ ಹೊರಟರು. ಹಿಂದಿನ ದಿನ ಮಳೆಯಾಗಿತ್ತು. ಮುತ್ತಣ್ಣನ ಕಾರು ತೊಳೆಸಿಕೊಂಡು ಬಾಗಿಲಲ್ಲೇ ನಿಂತಿತ್ತು.

"ನನ್ನ ಗಾಡಿಗೆ ಎರಿ ಮಣ್ಣಿನ ರಾಡಿ ಮೆತ್ತತೈತಿ ವೈನಿ" ಎಂದವನೇ ಹೋಗಿ ಶಹನಾಜಳ ಕಾರು ಕೇಳಿ ತಂದ. ತಿರುಗಿ ಬರುವಾಗ ಲಕ್ಕಲಕಟ್ಟಿಯ ಹತ್ತಿರ, ಕಿವಿಗೆ ಫೋನು ಹಚ್ಚಿಕೊಂಡು, ನಿಂತಿದ್ದ ಟ್ರ್ಯಾಕ್ಟರಿನ ಹಿಂದಕ್ಕೆ ಗುದ್ದಿದ. ಯಾರಿಗೂ ಪೆಟ್ಟಾಗಲಿಲ್ಲ. ಕಾರಿನ ಮೋರೆ ಮಾತ್ರ ನುಜ್ಜುಗುಜ್ಜು.

"ಇನ್ಸೂರನ್ಸ್ ಐತಲ್ಲ, ಮತ್ತ ಅದಕ್ಕಲ್ಲೇನು ಕಟ್ಟೂದು?" ಎಂದು ಮುತ್ತಣ್ಣ ಕೈ ಒರೆಸಿಕೊಂಡ. ಶಹನಾಜ ತನ್ನ ಹೆಸರಿನಲ್ಲಿ ಕ್ಲೇಮ್ ಹಾಕಿ ರಿಪೇರಿ ಮಾಡಿಸಿಕೊಂಡಳು.

ಈ ವಾರ ಎರಡೂ ಕಾರುಗಳ ವಿಮೆಯ ಅವಧಿ ಮುಗಿಯುತ್ತಿತ್ತು. ಏಜೆಂಟ್ ಹೂವಪ್ಪ ನಮ್ಮ ಕಟ್ಟೆಗೇ ಬಂದು ಕೂತು, ಶಹನಾಜಳನ್ನೂ ಅಲ್ಲಿಗೇ ಕರೆಸಿದ. ಮುತ್ತಣ್ಣನ ಕಂತು ಹೋದ ಸಲಕ್ಕಿಂತ ಇಳಿದಿತ್ತು. ಶಹನಾಜಳದು ಏರಿತ್ತು.

"ನೋಡಬೇ ಶಹನಾಜ," ಮುತ್ತಣ್ಣ ಮೀಸೆ ತಿರುವಿದ, "ಹೆಣ್ಮಕ್ಕಳ ಡ್ರೈವಿಂಗ್ ಅಂದ್ರ ಕಂಪನಿಯವರೂ ಹೆದರತಾರ!"

ಹೂವಪ್ಪ ಹಲ್ಲು ಕಿರಿದ. ನನಗೆ ತಡೆಯಲಾಗಲಿಲ್ಲ. "ನಗಬ್ಯಾಡ್ರಿ ಹೂವಪ್ಪ. ಒಂದ ನಮೂನಿ ಗಾಡಿ, ಒಂದ ವಯಸ್ಸು. ಫರಕು ಯಾಕ ಬಂತು, ಹೇಳ್ರಿ."

"ಗಂಡು ಹೆಣ್ಣು ಅಂತ ಏನಿಲ್ರಿ ಅಕ್ಕಾರ. ಮಂದಿಗೆ ಪೆಟ್ಟಾದ್ರ ಅಂತ ಕಟ್ಟೂದು ಇಬ್ರದೂ ಒಂದ ರೇಟು, ಅದು ಎಂಜಿನ್ ಮ್ಯಾಲೆ. ಸ್ವಂತ ಗಾಡಿ ಡ್ಯಾಮೇಜಿಗೆ ಕಟ್ಟೂದ್ರಾಗ ಫರಕು. ಕ್ಲೇಮ್ ಹಾಕಲಾರದಾಂವಗ ವರ್ಷಾ ವರ್ಷಾ ರಿಯಾಯಿತಿ ಏರತೈತಿ. ಈ ತಂಗಿ ಕ್ಲೇಮ್ ಹಾಕ್ಯಾಳ, ಆಕಿ ರಿಯಾಯಿತಿ ಸೊನ್ನಿ ಆತು."

"ಗುದ್ದಿದಾಂವ ಇಲ್ಲೇ ಕುಂತಾನಲ್ಲ!"

"ಸ್ಟೇರಿಂಗ್ ಯಾರ ಕೈಯಾಗಿತ್ತು ಅಂತ ರಿಯಾಯಿತಿ ನೋಡಂಗಿಲ್ರಿ. ಪಾಲಿಸಿ ಯಾರ ಹೆಸರಿಲೆ ಐತಿ ಅಂತ ನೋಡತೈತಿ. ಕೈಯಿಂದ ರೊಕ್ಕಾ ಹಾಕಿ ರಿಪೇರಿ ಮಾಡಿಸಿದ್ರ ರಿಯಾಯಿತಿ ಉಳೀತಿತ್ತು."

"ಅವಾಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ."

ಅಂದರೆ ಫೋನಿನಲ್ಲಿ ಹರಟುತ್ತ ಗುದ್ದಿದವನು ಒಳ್ಳೆಯ ಡ್ರೈವರ್, ಎಮ್ಮೆಗೂ ದಾರಿ ಬಿಡುವವಳು ಕೆಟ್ಟವಳು! ಶಹನಾಜ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು ಎದ್ದು ಹೋದಳು. ಏರಿದ ಹಣವನ್ನು ದೀಪಾವಳಿಗೆ ಮಾರುವ ಸೀರೆ ತರಲೆಂದು ಎತ್ತಿಟ್ಟಿದ್ದರಲ್ಲೇ ತೆಗೆದು ಕಟ್ಟಿದಳಂತೆ. ಹೋಗುವಾಗ ಹೂವಪ್ಪ, "ಇನ್ನ ಮ್ಯಾಲೆ ಕ್ಲೇಮ್ ಆಗದಂಗ ನೋಡ್ಕೋ ತಂಗಿ, ಇಲ್ಲಾಂದ್ರ ಮತ್ತ ಸೊನ್ನಿಯಿಂದ ಸುರು" ಎಂದು ಅವಳ ಮನೆಯತ್ತ ಕೂಗಿ ಹೇಳಿದ. ಈ ಬುದ್ಧಿ ಕ್ಲೇಮ್ ಹಾಕುವ ದಿನ ಎಲ್ಲಿತ್ತೋ.

ಆ ರಾತ್ರಿಯ ಊಟದಲ್ಲೇ ಮಗಳು ಆ ಪ್ರಶ್ನೆ ಕೇಳಿದ್ದು. "ಆಕಿ ಕಟ್ಟಿದ ಹೆಚ್ಚಿಂದು ನೀ ಕೊಡು ಮುತ್ತಣ್ಣ" ಎಂದೆ ನಾನು.

"ಕಂಪನಿ ರೂಲ್ಸು ವೈನಿ, ನಾ ಏನ್ ಮಾಡ್ಲಿ?"

"ಬಾಜೂ ಮನಿಯವರ ಕೂಡ ಇಂಥಾ ಲೆಕ್ಕಾ ಮಾಡತಾರೇನ ಯಾರಾದ್ರೂ?" ಎಂದರು ಅತ್ತೆ. ಲೆಕ್ಕವನ್ನು ಆ ಹುಡುಗಿ ಆಗಲೇ ಪೂರ್ತಿ ಕಟ್ಟಿಬಂದಿದ್ದಳು. ಇವರಿಗೆ ಅದರ ಮಾತೆತ್ತುವುದೇ ತಪ್ಪಾಗಿ ಕಂಡಿತು. ಅಷ್ಟೇ ಅಲ್ಲ, ಕೈ ತೊಳೆಯುತ್ತ, "ಮುಂದಿನ ಅಮಾಸಿಗೆ ಮತ್ತ ಇಟಗಿಗೆ ಹೋಗೂದೈತಿ, ಗಾಡಿ ಬೇಕಂತ ರಾಜಮಾಗ ಹೇಳೇನಿ" ಎಂದರು. ಮುತ್ತಣ್ಣನ ಕಾರು ಬಾಗಿಲಲ್ಲೇ ಇತ್ತು, ಫಳಫಳ.

ಇಂದು ಸಂಜೆ ಶಹನಾಜ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಬಟ್ಟೆ ಮಡಚುತ್ತಿದ್ದೆ. ಚಹಾ ಬೇಡವೆಂದಳು. ನಾನು ಕೂಡಿಟ್ಟಿದ್ದ ಹಣ ಕೊಡಹೋದೆ. ಅದನ್ನೂ ತಳ್ಳಿದಳು.

"ರೊಕ್ಕಾ ದುಡಿಯಾಕ ಬರತೈತಿ ನಿರ್ಮಲಕ್ಕ. ಇಲ್ಲ ಅನ್ನಾಕ ಬರಂಗಿಲ್ಲ. ನಿಮ್ಮತ್ತಿ ನಮ್ಮವ್ವನ್ನ ತಂಗೀ ಅಂತ ಕರೀತಾರ. ಅವರು ಬಾಗಲಾಗ ನಿಂತ್ರ ನನ್ನ ಕೈ ತಾನ ಕೀಲಿ ಕೊಟ್ಟಬಿಡತೈತಿ. ಇನ್ನೊಂದು ಸಲ ಏನರ ಆತಂದ್ರ ನಾ ಮತ್ತ ಗಂಟು ಹೊರೂದ."

ಹೇಳುತ್ತಲೇ ಕಾರಿನ ಕೀಲಿಯನ್ನು ನಾನು ಮಡಚಿದ ಬಟ್ಟೆಯ ಮೇಲಿಟ್ಟಳು.

"ಒಂದು ಉಪಕಾರ ಮಾಡ್ರಿ. ನಾ ಯಾಪಾರಕ್ಕ ಹೋಗಲಾರದ ದಿನ ಇದು ನಿಮ್ಮ ಹತ್ರ ಇರಲಿ. ಯಾರು ಕೇಳಿದ್ರೂ ನನ್ನ ಪರವಾಗಿ ನೀವ ಇಲ್ಲ ಅನ್ರಿ. ಮೊದಲ ನಿಮ್ಮತ್ತಿಗೆ ಅನ್ರಿ."