ಗಿರಣಿಯಕ್ಕನ ಸ್ಟೂಲು

ಗಿರಣಿಯಕ್ಕ ನಮ್ಮ ಮನೆಗೆ ಬಂದು ಮಾಡಿದ ಮೊದಲ ಕೆಲಸವೆಂದರೆ, ನಾನು ಆಸೆಪಟ್ಟು ತಂದಿದ್ದ ಕುರ್ಚಿಯನ್ನು ಕೋಣೆಯಿಂದ ಹೊರಗೆ ಹಾಕಿಸಿದ್ದು.

ರಾತ್ರಿ ಮಗಳ ಪಕ್ಕ ಕೂರುವವರಿಗೆಂದೇ ತಂದ ಕುರ್ಚಿ. ಬೆನ್ನಿಗೆ ದಿಂಬು, ಕಾಲು ಚಾಚಲು ಹಲಗೆ. ಹಿಂದಿನ ದಿನ ಇದೇ ಕೆಲಸ ಕೇಳಿಕೊಂಡು ಬಂದಿದ್ದ ನರ್ಸಮ್ಮ ಅದರಲ್ಲಿ ಒರಗಿ, "ನನಗೆ ರಾತ್ರಿ ನಿದ್ದೆಯೇ ಬರಲ್ಲ ಮೇಡಂ" ಎಂದಿದ್ದರು. ಗಿರಣಿಯಕ್ಕ ಕೂರಲೂ ಇಲ್ಲ.

"ಇದರಲ್ಲಿ ಕೂತರೆ ದೆವ್ವಕ್ಕೂ ನಿದ್ದೆ ಬರುತ್ತೆ. ಒಂದು ಸ್ಟೂಲ್ ಕೊಡಮ್ಮ. ತೂಕಡಿಸಿದರೆ ಬೀಳಬೇಕು, ಹಾಗಿರಬೇಕು."

"ಅಂದರೆ ನಿಮಗೆ ನಿದ್ದೆ ಬರುತ್ತಾ?"

"ಬರದೆ ಇರೋಕೆ ನಾನೇನು ಗೂಬೆಯಾ?"



ನಮ್ಮ ಮಗಳು ಚಿಟ್ಟೆಗೆ ನಾಲ್ಕು ವರ್ಷ. ನಿದ್ದೆಯಲ್ಲಿ ಫಿಟ್ಸ್ ಬರುತ್ತದೆ. ಎಂಟು ತಿಂಗಳು ನಾನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಹೋದ ವಾರ, ಬೆಳಗಿನ ಔಷಧಿ ಕೊಟ್ಟೆನೋ ಇಲ್ಲವೋ ನೆನಪಾಗದೆ ಬಾಟಲಿ ಹಿಡಿದು ನಿಂತಿದ್ದನ್ನು ಗಂಡ ನೋಡಿದರು. "ನೀನು ಮಲಗದಿದ್ದರೆ ಅವಳಿಗೆ ನೀನೇ ಅಪಾಯ" ಅಂದರು. ಕಹಿ ಮಾತು, ಸುಳ್ಳಲ್ಲ.

ಹಾಗಾಗಿ ರಾತ್ರಿ ಕಾಯಲು ಒಬ್ಬರನ್ನು ಹುಡುಕತೊಡಗಿ, ಬಂದವರಿಗೆ ಕೇಳಲು ಇಪ್ಪತ್ತಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದೆ. ಅತ್ತೆ ಸೊಪ್ಪು ಬಿಡಿಸುತ್ತಲೇ, "ನನ್ನ ಮಗನನ್ನ ಒಪ್ಪಿಕೊಳ್ಳುವಾಗ ಇದರಲ್ಲಿ ಅರ್ಧನಾದರೂ ಕೇಳಿದ್ಯೇನೇ?" ಎಂದರು. ಗಿರಣಿಯಕ್ಕ ನಕ್ಕರು. ನನಗೆ ನಗು ಬರಲಿಲ್ಲ.

ಉತ್ತರಗಳೇನೋ ಸರಿಯಾಗಿದ್ದವು. ವಯಸ್ಸು ಐವತ್ತೆಂಟು. ನೂಲಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ, ಬಹುಪಾಲು ರಾತ್ರಿ ಪಾಳಿ. ಹರಿದ ಎಳೆ ಕೂಡಿಸುವ ಕೆಲಸ. ಗಿರಣಿ ಮುಚ್ಚಿದ ಮೇಲೆ, ಹಾಸಿಗೆ ಹಿಡಿದಿದ್ದ ತಮ್ಮನನ್ನು ಆರು ವರ್ಷ ನೋಡಿಕೊಂಡರು. ಅವನಿಗೂ ಇದೇ ಕಾಯಿಲೆ. ಅವನು ಹೋದ ಮೇಲೆ ಒಂಟಿ ಮನೆಯಲ್ಲಿ ರಾತ್ರಿ ಕಳೆಯಲಾರದೆ ಈ ಕೆಲಸಕ್ಕೆ ಬಂದರಂತೆ. ಫಿಟ್ಸ್ ಬಂದರೆ ಮಗ್ಗುಲಿಗೆ ತಿರುಗಿಸುವುದು, ಬಾಯಿಗೆ ಏನೂ ತುರುಕದಿರುವುದು, ಗಡಿಯಾರ ನೋಡುವುದು, ಎಲ್ಲವೂ ಗೊತ್ತಿತ್ತು.

ಮಧ್ಯಾಹ್ನ ಚಿಟ್ಟೆ ಮಲಗಿದಾಗ ಅವರನ್ನು ಪಕ್ಕದಲ್ಲಿ ಕೂರಿಸಿ ಅಡುಗೆಮನೆಗೆ ಹೋದೆ. ಅಲ್ಲಿಂದ ಮೆಲ್ಲಗೆ ಕರೆದೆ. ಉತ್ತರವಿಲ್ಲ. ಇನ್ನೂ ಎರಡು ಸಲ, ಸ್ವಲ್ಪ ಜೋರಾಗಿ. ಓಡಿಬಂದು ಬಾಗಿಲಲ್ಲಿ ನಿಂತು ಕರೆದರೂ ತಿರುಗಲಿಲ್ಲ. ಎದುರಿಗೆ ಹೋಗಿ ನಿಂತೆ.

"ಅಕ್ಕ, ನಿಮಗೆ ಕಿವಿ ಕೇಳಲ್ಲ."

"ಎಡಗಿವಿ ಇಲ್ಲ. ಬಲಗಿವಿ ಅರ್ಧ. ಗಿರಣಿ ತಿಂದುಹಾಕ್ತು." ಮತ್ತೆ ಅವರೇ, "ನಾನೇ ಹೇಳಬೇಕಿತ್ತು. ಹೇಳಿದ ಮನೆಗಳಲ್ಲಿ ಕೆಲಸ ಸಿಗಲಿಲ್ಲ" ಎಂದರು.

ನನ್ನ ಇಪ್ಪತ್ತಮೂರರಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಬೇಡ ಅನ್ನಲು ಬಾಯಿ ತೆರೆದೆ.

"ಒಂದು ಮಾತು ಕೇಳ್ತೀನಮ್ಮ. ಫಿಟ್ಸ್ ಬಂದಾಗ ಪಾಪುದು ಏನು ಸದ್ದು ಕೇಳುತ್ತೆ?"

ಮಗುವಿನ ಉಸಿರು ಕೇಳಿಸುವ ಪುಟ್ಟ ಸ್ಪೀಕರ್ ಒಂದನ್ನು ತಂದು, ಹೋದ ತಿಂಗಳು ಒಂದು ರಾತ್ರಿಯೆಲ್ಲಾ ಕಿವಿಗೆ ಒತ್ತಿಕೊಂಡು ಪಕ್ಕದ ಕೋಣೆಯಲ್ಲಿ ಎಚ್ಚರವಿದ್ದೆ. ಏನೂ ಕೇಳಲಿಲ್ಲ. ಬೆಳಿಗ್ಗೆ ದಿಂಬಿನ ಮೇಲೆ ರಕ್ತದ ಕಲೆ, ನಾಲಿಗೆ ಕಚ್ಚಿಕೊಂಡಿದ್ದಳು. ದಿಂಬಿನ ಬಟ್ಟೆಯನ್ನು ಯಾರಿಗೂ ಕಾಣದಂತೆ ಒಗೆದೆ. ಗಂಡನಿಗೂ ಹೇಳಿಲ್ಲ.

"ಏನೂ ಕೇಳಲ್ಲ" ಎಂದೆ. ಅವರಿಗೆ ಕೇಳಿಸಿತೋ, ತುಟಿ ನೋಡಿ ತಿಳಿಯಿತೋ.

ಆಗಲೇ ಗಮನಿಸಿದ್ದು: ಅವರ ಬಲಗೈ ಹೊದಿಕೆಯ ಕೆಳಗೆ, ಚಿಟ್ಟೆಯ ಮೀನಖಂಡದ ಮೇಲಿತ್ತು. ನಾನು ಓಡಿಬಂದಾಗಲೂ ಅದು ಕದಲಿರಲಿಲ್ಲ.

"ಗಿರಣೀಲಿ ಯಾರಿಗೂ ಏನೂ ಕೇಳ್ತಿರಲಿಲ್ಲ. ಯಂತ್ರ ಕೆಡೋ ಮೊದಲೇ ಕೈಗೆ ಗೊತ್ತಾಗೋದು. ಇವಳಿಗೆ ಮೊದಲು ಕಾಲು ಬಿಗಿಯಾಗುತ್ತಲ್ವಾ?"

"ಹೌದು."

"ತಮ್ಮನಿಗೂ ಹಾಗೇ. ಕೈ ಎತ್ತಬೇಕಾಗಿ ಬಂದರೆ ನಿನ್ನನ್ನ ಎಬ್ಬಿಸಿಯೇ ಎತ್ತೋದು."

ಅತ್ತೆ ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲಿಗೆ ಬಂದಿದ್ದರು. "ಇನ್ನು ಇಪ್ಪತ್ತನಾಲ್ಕನೇದು ಉಳಿದಿದ್ರೆ ಕೇಳಿಬಿಡು."

ಉಳಿದಿತ್ತು. "ಇವತ್ತೇ ಬರ್ತೀರಾ ಅಕ್ಕ?"

ರಾತ್ರಿಗೆ ಬಂದರು. ನಾನು ಪಕ್ಕದ ಕೋಣೆಯಲ್ಲಿ ಬಾಗಿಲು ತೆರೆದೇ ಮಲಗಲು ಹೋದಾಗ, "ಮುಚ್ಚಿಕೋಮ್ಮ, ಇಲ್ಲದಿದ್ರೆ ಇಬ್ಬರನ್ನ ಕಾಯಬೇಕಾಗುತ್ತೆ" ಎಂದರು. ಮುಚ್ಚಿದೆ. ಚಿಲಕ ಹಾಕಲಿಲ್ಲ. ನನ್ನ ಕೋಣೆ ಸೇರಿದ್ದ ದಿಂಬಿನ ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಂಡು, ಸ್ಟೂಲು ಬಿದ್ದ ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟು ಕೂತೆ.

ಎಚ್ಚರವಾದಾಗ ಬೆಳಗಾಗಿತ್ತು. ಎದ್ದುಬಿದ್ದು ಓಡಿದೆ. ಅವರು ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು, ಕೈ ಅಲ್ಲೇ ಇತ್ತು.